ಕೈಯಲ್ಲಿದ್ದದ್ದನ್ನು ಕೆಳಗಿಟ್ಟು

ಮಗಳು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಜೋರಾಗಿ ಗುದ್ದಿದಳು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಅಮ್ಮನ ಅಂಗಾಲಿಗೆ ಅದು ತಲುಪಿತು. ಆ ಮನೆಯಲ್ಲಿ ಅಮ್ಮನನ್ನು ಕರೆಯುವುದೇ ಹಾಗೆ. ಕೆಳಗಿನ ಮನೆಯವರು ಮೊದಮೊದಲು ಜಗಳಕ್ಕೆ ಬಂದು, ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲವೆಂದು ತಿಳಿದ ಮೇಲೆ ಸುಮ್ಮನಾಗಿದ್ದರು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಶುರುವಾಯ್ತಾ?" ಎಂದು ಕೈಯಲ್ಲಿ ಕೇಳಿದಳು.

"ಇನ್ನೂ ಎರಡು ನಿಮಿಷ ಇದೆ. ಕೂತ್ಕೋ."

"ಮತ್ಯಾಕೆ ಈಗಲೇ ಕರೆದೆ? ಲೋಟ ತೊಳೀತಿದ್ದೆ."

"ಅದೇ ಲೋಟಾನ ಮೂರನೇ ಸಲ ತೊಳೀತಿದೀಯ ಕಣಮ್ಮಾ."

ನಿಜವೇ. ಬೆಳಗಿನಿಂದ ಅಮ್ಮನ ಕಾಲು ಒಂದು ಕಡೆ ನಿಂತಿರಲಿಲ್ಲ. ನಗರದ ದೊಡ್ಡ ಗ್ರಂಥಾಲಯದವರು ತಿಂಗಳಿಗೊಂದು ಸಂಜೆ ಇಬ್ಬರು ಲೇಖಕರನ್ನು ಎದುರುಬದುರು ಕೂರಿಸಿ, ಮಾತಾಡಿಸಿ, ಅವರವರ ಪುಸ್ತಕದಿಂದ ಒಂದಷ್ಟು ಓದಿಸಿ, ಅದನ್ನು ಆಗಿಂದಾಗಲೇ ವಿಡಿಯೋದಲ್ಲಿ ಬಿಡುತ್ತಿದ್ದರು. ಈ ತಿಂಗಳು ಅಲ್ಲಿ ಕೂರುವವರಲ್ಲಿ ಒಬ್ಬರು ಇಪ್ಪತ್ತು ಪುಸ್ತಕ ಬರೆದ ಹಿರಿಯ ಕಾದಂಬರಿಕಾರರು. ಇನ್ನೊಬ್ಬ, ಹಗಲೆಲ್ಲ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಬಿಡುವಿದ್ದಾಗ ಬರೆದು ಮೊದಲ ಪುಸ್ತಕ ತಂದಿದ್ದ ಅವಳ ಮಗ.

ಮನೆಯ ಒಳ್ಳೆಯ ಕುರ್ಚಿಯನ್ನು ಬೈಂಡಿಂಗ್ ಶಾಪಿನ ಮೇಸ್ತ್ರಿ ಹಿಡಿದು ಕೂತಿದ್ದ. ಅಮ್ಮ ಆ ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದಾಳೆ. ಹಾಳೆ ಮಡಿಸುವುದು, ಜೋಡಿಸುವುದು, ದಾರ ಹಾಕುವುದು, ಬೆನ್ನಿಗೆ ಅಂಟು ಬಳಿಯುವುದು. ಕತ್ತರಿಸುವ ಯಂತ್ರದ ಸದ್ದಿಗೆ ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡರೆ ಅವಳು ಹಾಯಾಗಿರುತ್ತಾಳೆ. ಎಷ್ಟೋ ಸಾವಿರ ಪುಸ್ತಕ ಅವಳ ಕೈ ಹಾದುಹೋಗಿವೆ, ಒಂದರೊಳಗೂ ಏನಿದೆಯೆಂದು ಅವಳಿಗೆ ಗೊತ್ತಿಲ್ಲ. ಅಕ್ಷರ ಬರುತ್ತದೆ, ಆದರೆ ಒಂದು ಪುಟ ದಾಟುವುದರೊಳಗೆ ಅವಳಿಗೆ ಸಾಕುಸಾಕಾಗುತ್ತದೆ.

ಮಗನ ಪುಸ್ತಕ ಮಾತ್ರ ಹಾಗಲ್ಲ. ಬರೆದಷ್ಟನ್ನೂ ಅವನು ಪ್ರತಿ ಭಾನುವಾರ ಬಂದು ಕೈಮಾತಿನಲ್ಲಿ ಹೇಳಿದ್ದ. ಹನ್ನೆರಡು ಅಧ್ಯಾಯದಲ್ಲಿ ಹನ್ನೊಂದು ಹಾಗೆ ಅವಳದಾಗಿದ್ದವು. ಒಂದನ್ನು ಮಾತ್ರ "ಆಮೇಲೆ" ಎಂದು ಹಾರಿಸಿಬಿಟ್ಟಿದ್ದ. ಅಮ್ಮನಿಗೆ ಲೋಕದಲ್ಲಿ ಮೈ ಉರಿಯುವ ಮಾತು ಒಂದಿದ್ದರೆ ಅದೇ. ಹುಟ್ಟಿದಾರಭ್ಯ ಎಲ್ಲರೂ ಅವಳೆದುರು ಅರ್ಧ ಗಂಟೆ ಬಾಯಿ ಆಡಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಏನೆಂದು ಕೇಳಿದರೆ "ಏನಿಲ್ಲ, ಆಮೇಲೆ ಹೇಳ್ತೀನಿ" ಎಂದವರೇ. ಆ ಆಮೇಲೆ ಒಂದು ದಿನವೂ ಬಂದದ್ದಿಲ್ಲ.

ಮಗ ಇವತ್ತು ಓದುವುದು ಆ ಅಧ್ಯಾಯವನ್ನೇ. ಊರಿಗೆಲ್ಲ ಗೊತ್ತಾಗುವಾಗ ತನಗೂ ಗೊತ್ತಾಗಬೇಕು, ಒಂದು ಕ್ಷಣವೂ ಹಿಂದೆ ಬೀಳಬಾರದು. ಬೆಳಿಗ್ಗೆಯೇ ಅವಳು ಮಗಳಿಂದ ಮಾತು ತೆಗೆದುಕೊಂಡಿದ್ದಳು.

"ಅವರು ಹೇಳಿದ್ದೆಲ್ಲ ಹೇಳಬೇಕು. ಮೊಟಕು ಮಾಡಿದ್ರೆ ನೋಡು."

"ಎಲ್ಲಾ ಹೇಳ್ತೀನಮ್ಮಾ. ಕೆಮ್ಮಿದ್ರೆ ಕೆಮ್ಮಿದರು ಅಂತಾನೂ ಹೇಳ್ತೀನಿ."

ಟೀವಿಯಲ್ಲಿ ಮೂವರು ಮೂಡಿದರು. ನಡುವೆ ನಿರೂಪಕಿ, ಆಚೆ ಕಾದಂಬರಿಕಾರರು, ಈಚೆ ಮಗ. ಅಮ್ಮ ಮೈಯೆಲ್ಲ ಕಣ್ಣಾಗಿ ಕೂತಳು. ಮಗ ಬೆವರುತ್ತಿದ್ದ. ಕಾಲರ್ ಒಂದು ಕಡೆ ಎದ್ದು ನಿಂತಿತ್ತು. ಎದ್ದುಹೋಗಿ ಟೀವಿಗೇ ಕೈ ಹಾಕಿ ಸರಿಮಾಡಬೇಕೆನ್ನಿಸಿತು.

ಮೊದಲು ಕಾದಂಬರಿಕಾರರು ಓದಿದರು. ಮಗಳು ನಿಂತುಕೊಂಡು ಕೈಮಾತಿಗೆ ತಂದಳು. ನದಿ, ದೋಣಿ, ದೋಣಿಯಲ್ಲೊಬ್ಬ ಮನುಷ್ಯ. ಐದು ನಿಮಿಷ ಕಳೆಯಿತು.

"ಈಗ?"

"ಇನ್ನೂ ದೋಣೀಲೇ ಇದಾನೆ."

"ದಡ ಸೇರಲ್ವಾ?"

"ಯೋಚನೆ ಮಾಡ್ತಿದಾನಮ್ಮಾ, ಸುಮ್ನಿರು."

ಮೇಸ್ತ್ರಿ ಪಕಪಕ ನಕ್ಕ. ಅಮ್ಮನ ಗಮನ ಆಗಲೇ ಕಾದಂಬರಿಕಾರರ ಕೈಯಲ್ಲಿದ್ದ ಪುಸ್ತಕಕ್ಕೆ ಹೋಗಿತ್ತು. ಅದನ್ನು ಬೆನ್ನು ಮುರಿಯುವಂತೆ ಹಿಂದಕ್ಕೆ ಮಡಚಿ ಹಿಡಿದಿದ್ದರು. ಇಪ್ಪತ್ತು ಪುಸ್ತಕ ಬರೆದವರಿಗೆ ಪುಸ್ತಕ ಹಿಡಿಯಲು ಬರುವುದಿಲ್ಲವಲ್ಲ ಎಂದು ಅವಳು ಮೇಸ್ತ್ರಿಗೆ ಸನ್ನೆ ಮಾಡಿದಳು. ಮೇಸ್ತ್ರಿ ಹಣೆ ಚಚ್ಚಿಕೊಂಡ.

ಆಮೇಲೆ ನಿರೂಪಕಿ ಮಗನ ಕಡೆ ತಿರುಗಿ, ಅವನ ಪುಸ್ತಕವನ್ನು ರಕ್ಷಾಪುಟ ಕಾಣುವಂತೆ ಅವನ ಕೈಗೆ ಕೊಟ್ಟು, ಏನೋ ಕೇಳಿದಳು. ಮಗ ಪುಸ್ತಕವನ್ನು ಮೇಜಿನ ಮೇಲಿಟ್ಟು ಉತ್ತರ ಹೇಳಿದ. ಅವಳು ನಗುತ್ತ ಎತ್ತಿ ಮತ್ತೆ ಕೈಗೆ ಕೊಟ್ಟಳು. ಮುಂದಿನ ಪ್ರಶ್ನೆಗೆ ಮತ್ತೆ ಇಟ್ಟ. ಅವಳು ಮತ್ತೆ ಕೊಟ್ಟಳು. ಮೂರನೆಯ ಸಲಕ್ಕೆ ಕಾದಂಬರಿಕಾರರೂ ನಕ್ಕುಬಿಟ್ಟರು. ಮಗನ ಕಿವಿ ಕೆಂಪಾದವು.

ಅಮ್ಮ ಮಾತ್ರ ನಗಲಿಲ್ಲ, ಅಯ್ಯೋ ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಪ್ಪು ಅವಳದೇ. ಬೇರೆ ಮನೆಗಳಲ್ಲಿ ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬೇಡ ಎನ್ನುವಂತೆ ಈ ಮನೆಯಲ್ಲಿ ಕೈಯಲ್ಲಿ ಏನನ್ನಾದರೂ ಇಟ್ಟುಕೊಂಡು ಮಾತಾಡಬೇಡ ಎಂದು ಕಲಿಸಿದ್ದಳು. ಲೋಟ, ಚೆಂಡು, ಪೆನ್ಸಿಲ್, ಏನೇ ಇರಲಿ, ಕೆಳಗಿಟ್ಟು ಆಮೇಲೆ ಮಾತು. ಮರೆತರೆ ಮಣಿಕಟ್ಟಿಗೆ ಒಂದು ಏಟು. ಮೂವತ್ತೆರಡು ವರ್ಷದ ಗಂಡಸು, ದೀಪಗಳ ಮುಂದೆ ಗಾಬರಿಯಾದದ್ದೇ ತಡ, ಅಮ್ಮನ ಏಟಿಗೆ ಹೆದರುವ ಹುಡುಗನಾಗಿದ್ದ.

"ಓದ್ತಾನಂತೆ ಈಗ," ಎಂದಳು ಮಗಳು.

ಮಗ ಪುಸ್ತಕ ಬಿಡಿಸಿದ. ತುಟಿ ಆಡತೊಡಗಿತು. ಅವಳಿಗೆ ಒಮ್ಮೆಲೇ ಒಂದು ಥರ ಸಂಕಟವಾಯಿತು. ಇವನು ಬಾಯಿಯ ಮಗ. ಬೇರೆಯವರೆಲ್ಲ ಬಲ್ಲ ಮಗ. ತನಗೆ ಗೊತ್ತಿರುವುದು ಕೈಯ ಮಗ ಮಾತ್ರ. ಮಕ್ಕಳಿಬ್ಬರೂ ಬಾಯಿಮಾತನ್ನು ಅಜ್ಜಿಯಿಂದ ಕಲಿತಿದ್ದರು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅಲ್ಲಿ ಕೂತು ಓದುವುದನ್ನು ತಾನು ನೆಂಟರ ಮನೆಗೆ ಬಂದವಳಂತೆ ನೋಡಬೇಕಾಗಿದೆ.

ಮಗಳ ಕೈ ಓಡುತ್ತಿತ್ತು. "ನಂಗೆ ಎಂಟು ವರ್ಷ. ಅಮ್ಮನ ಕೈ ಹಿಡ್ಕೊಂಡು ಸ್ಕೂಲಿಗೆ ಹೋದೆ. ಕ್ಲಾಸ್ ಟೀಚರ್ ಕರೆಸಿದ್ರು. ಟೀಚರಿಗೂ ಅಮ್ಮನಿಗೂ ಮಧ್ಯೆ ನಿಂತು ಮಾತು ದಾಟಿಸೋ ಕೆಲಸ ನಂದು..."

ಅಮ್ಮನ ಮುಖ ಅರಳಿತು. ಓ, ಆ ದಿನ! ಮೇಸ್ತ್ರಿಯ ಮೊಣಕೈ ತಿವಿದು ಟೀವಿಯತ್ತ ಬೆರಳು ಮಾಡಿದಳು. ಆ ದಿನದ ಕಥೆ ಶಾಪಿನಲ್ಲಿ ಯಾರಿಗೆ ಗೊತ್ತಿಲ್ಲ? ಇವನು ಮುಂದೆ ಪುಸ್ತಕ ಬರೆಯುತ್ತಾನೆ ಎಂದು ಟೀಚರ್ ಅಂದೇ ಹೇಳಿದ್ದರು. ಅದನ್ನು ಹೇಳಿ ಹೇಳಿ ಅವಳು ಇಪ್ಪತ್ತನಾಲ್ಕು ವರ್ಷ ಮೇಸ್ತ್ರಿಯ ತಲೆ ತಿಂದಿದ್ದಳು.

ತಿರುಗಿ ನೋಡಿದರೆ ಮಗಳ ಕೈ ನಿಂತುಹೋಗಿತ್ತು.

"ಏನು? ಟೀಚರ್ ಏನಂದ್ರು ಅಂತ ಓದ್ದ?"

ಮಗಳು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಛಾವಣಿ ನೋಡಿದ.

"ಏನಿಲ್ಲಮ್ಮಾ. ಸ್ಕೂಲಿನ ವಿಷಯ. ಆಮೇಲೆ ಹೇಳ್ತೀನಿ."

ಅಮ್ಮ ಅವಳನ್ನೇ ದಿಟ್ಟಿಸಿದಳು. ಕೋಪ ಮಾಡಿಕೊಳ್ಳುವಷ್ಟೂ ಶಕ್ತಿ ಬರಲಿಲ್ಲ. ಮಗಳೂ ಅಂದುಬಿಟ್ಟಳಲ್ಲ ಆ ಮಾತನ್ನು, ಅದೂ ಇವತ್ತು. ಎರಡೂ ಕೈಗಳನ್ನು ಮಡಿಲಿನಲ್ಲಿ ಹಾಕಿಕೊಂಡು, ಮಗನ ಆಡುವ ತುಟಿಯನ್ನೇ ಸುಮ್ಮನೆ ನೋಡುತ್ತ ಕೂತಳು.

ಆ ತುಟಿ ನಿಂತಿತು. ಮಗ ಪುಟದಿಂದ ತಲೆಯೆತ್ತಿದ. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದ. ನಿರೂಪಕಿ ಅಭ್ಯಾಸವಾದವಳಂತೆ ಅದನ್ನು ಎತ್ತಿಕೊಡಲು ಹೋದಳು. ಅವನು ಬೇಡವೆಂದು ತಲೆಯಾಡಿಸಿ ಏನೋ ಅಂದ.

"ಏನಂದ?" ಎಂದು ಅಮ್ಮ ಕೇಳಲಿಲ್ಲ. ಮಗಳೇ ಅವಳ ಭುಜ ತಟ್ಟಿ ಗಡಿಬಿಡಿಯಿಂದ ಹೇಳಿದಳು: "'ಕ್ಷಮಿಸಿ, ಇದನ್ನ ಮೊದಲು ತಿಳ್ಕೋಬೇಕಾದವರು ಬೇರೆ ಒಬ್ಬರಿದಾರೆ. ಅವರಿಗೆ ಹೇಳ್ದೆ ನಿಮಗೆ ಓದೋಕೆ ಹೊರಟಿದ್ದು ನನ್ನ ತಪ್ಪು' ಅಂದ. ಅಮ್ಮಾ, ನೋಡು, ನೋಡು!"

ಮಗ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಕ್ಯಾಮೆರಾದವನಿಗೆ ಸೊಂಟದವರೆಗೆ ತೋರಿಸು ಎಂದು ಸನ್ನೆ ಮಾಡಿದ. ಚಿತ್ರ ಒಮ್ಮೆ ಅಲುಗಾಡಿ ಹಿಂದೆ ಸರಿಯಿತು. ಅವನ ಎರಡೂ ಕೈಗಳು ಕಾಣಿಸಿದವು.

"ಅಮ್ಮಾ, ನೋಡ್ತಿದೀಯಾ?"

ಅಮ್ಮ ತನಗರಿವಿಲ್ಲದೆ ಹೂಂ ಎಂದು ತಲೆಯಾಡಿಸಿದಳು.

"ಆವತ್ತು ಟೀಚರ್ ಅಂದಿದ್ದು ಅದಲ್ಲ."

ಅವನು ಅಲ್ಲೇ ಟೀಚರಾದ. ಜಾರುವ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿದ, ತುಟಿ ಬಿಗಿದ. "'ನಿಮ್ಮ ಮಗನಿಗೆ ಎರಡು ಸಾಲು ನೆಟ್ಟಗೆ ಬರೆಯೋಕೆ ಬರಲ್ಲ. ದಿನಕ್ಕೊಂದು ಸುಳ್ಳು ಹೇಳ್ತಾನೆ. ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ತೀನಿ.' ಇಷ್ಟೇ ಅವರು ಹೇಳಿದ್ದು. ನೀನು ನನ್ನ ಮುಖ ನೋಡ್ತಿದ್ದೆ. ನಾನು, 'ಇವನು ದೊಡ್ಡವನಾದ ಮೇಲೆ ಪುಸ್ತಕ ಬರೀತಾನೆ ಅಂತಿದಾರೆ' ಅಂದೆ. ಯಾಕೆ ಪುಸ್ತಕ ಅಂದ್ರೆ, ನೀನು ಮಾಡೋ ಕೆಲಸ ಅದು. ಅದಕ್ಕಿಂತ ದೊಡ್ಡದು ಯಾವುದೂ ನಂಗೆ ಗೊತ್ತಿರಲಿಲ್ಲ. ನೀನು ಟೀಚರ್ ಕೈ ಹಿಡ್ಕೊಂಡು ಅತ್ತುಬಿಟ್ಟೆ. ಪಾಪ, ಅವರಿಗೆ ತಲೆಬುಡ ಗೊತ್ತಾಗಲಿಲ್ಲ."

ಅಮ್ಮನ ಮುಖ ಕಾದು ಕೆಂಪಾಯಿತು. ಶಾಪಿನ ಪ್ರತಿಯೊಬ್ಬರಿಗೂ ಹೇಳಿದ್ದಳು. ನೆಂಟರಿಗೆ, ಅಂಗಡಿಯವನಿಗೆ, ಮಗಳನ್ನು ನೋಡಲು ಬಂದವರಿಗೆ. ಓರೆಗಣ್ಣಿನಲ್ಲಿ ನೋಡಿದರೆ ಮೇಸ್ತ್ರಿ ಕಣ್ಣೀರು ಬರುವಂತೆ ನಗುತ್ತಿದ್ದ.

ಮಗನ ಕೈ ನಿಂತಿರಲಿಲ್ಲ. "ಮಾರನೇ ದಿನ ನೀನು ಶಾಪಿನ ಚೂರು ಕಾಗದ ಎಲ್ಲ ಸೇರಿಸಿ ಹೊಲಿದು ಒಂದು ಖಾಲಿ ಪುಸ್ತಕ ತಂದೆ. ಪುಸ್ತಕ ಬರೆಯೋನಿಗೆ ಬೇಕಲ್ಲ ಅಂದೆ. ಮುಂದಿನ ವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು. ಖಾಲಿ ಬಿಟ್ರೆ ಸಿಕ್ಕಿಬೀಳ್ತೀನಿ ಅಂತ ನಾನು ಬರೀತಾ ಹೋದೆ. ನೀನು ಹೊಲಿಯೋದು ನಿಲ್ಲಿಸಲಿಲ್ಲ. ಅದಕ್ಕೇ ನಂಗೂ ನಿಲ್ಲಿಸೋಕೆ ಆಗಲಿಲ್ಲ."

ಆಚೆ ತುದಿಯಲ್ಲಿ ಕಾದಂಬರಿಕಾರರು ಕಣ್ಣು ಬಾಯಿ ಬಿಟ್ಟು ಕೂತಿದ್ದರು. ಟೀವಿಯ ಪಕ್ಕದ ಪಟ್ಟಿಯಲ್ಲಿ ನೋಡುಗರ ಸಾಲುಗಳು ಒಂದರ ಮೇಲೊಂದು ಓಡುತ್ತಿದ್ದವು. ಮಗಳು ಅವನ್ನು ಓದಿ ಬಿದ್ದುಬಿದ್ದು ನಕ್ಕಳು. "ಧ್ವನಿ ಬರ್ತಿಲ್ಲ, ಧ್ವನಿ ಬರ್ತಿಲ್ಲ ಅಂತ ಎಲ್ಲರೂ ಬಾಯಿ ಬಡ್ಕೋತಿದಾರಮ್ಮಾ! ಏನಂದ ಅಂತ ಕೇಳ್ತಿದಾರೆ. ಏನಂತ ಹಾಕ್ಲಿ?"

"ಆಮೇಲೆ ಹೇಳ್ತಾನೆ ಅಂತ ಹಾಕು," ಎಂದಳು ಅಮ್ಮ.

ಆಗ ಅವಳಿಗೆ ಬಂತು ನೋಡಿ ಖುಷಿ. ಕೋಪ, ನಾಚಿಕೆ ಎರಡನ್ನೂ ಪಕ್ಕಕ್ಕೆ ತಳ್ಳಿಕೊಂಡು ಬಂತು. ಎಷ್ಟು ಸಾವಿರ ಜನ ಕಿವಿ ಇಟ್ಟುಕೊಂಡು ಕಾಯುತ್ತಿದ್ದಾರೋ, ಅವರೆಲ್ಲರಿಗಿಂತ ಮೊದಲು ಆ ಸುಳ್ಳಿನ ಕಥೆ ಅವಳಿಗೆ ತಿಳಿದಿತ್ತು.

ಮಗ ಮುಗಿಸಿದ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಪುಸ್ತಕದ ಕಡೆಗೆ ಹೋಗಲಿಲ್ಲ. ಕ್ಯಾಮೆರಾವನ್ನೇ ನೆಟ್ಟನೋಟದಿಂದ ನೋಡತೊಡಗಿದ. ನಿರೂಪಕಿ ಏನೋ ಹೇಳಲು ಬಾಯಿ ತೆರೆದಳು. ಅವನು ಕಣ್ಣು ಕದಲಿಸದೆ, ತಡೆಯಿರಿ ಎಂದು ಒಂದು ಬೆರಳೆತ್ತಿದ.

ಅಮ್ಮನಿಗೆ ಅರ್ಥವಾಯಿತು. ಕೈಮಾತಿನಲ್ಲಿ ಒಬ್ಬರು ಮುಗಿಸಿದ ಮೇಲೆ ಎದುರಿನವರನ್ನು ನೋಡಬೇಕು. ಆಚೆ ಈಚೆ ನೋಡಿದರೆ ಅವರ ಬಾಯಿ ಮುಚ್ಚಿಸಿದ ಹಾಗೆ. ಇದು ಅವಳ ಸರದಿ.

ಅವಳು ಎದ್ದು ಟೀವಿಯ ಮುಂದೆ ನಿಂತಳು. "ಕಳ್ಳ!" ಎಂದಳು. "ಇಷ್ಟುದ್ದ ಇದ್ದಾಗಲೇ ನನ್ನ ಕಣ್ಣಿಗೆ ಮಣ್ಣೆರಚಿದೆಯಾ? ಮೇಸ್ತ್ರಿ ಮುಂದೆ ನಾನಿನ್ನು ಹೇಗೆ ತಲೆ ಎತ್ತಲಿ? ಇನ್ನೂ ಏನೇನು ಸುಳ್ಳಿದೆ, ಎಲ್ಲಾ ಹೇಳಬೇಕು. ಡಾಕ್ಟರ್ ಅಂದಿದ್ದು? ಅಜ್ಜಿ ಅಂದಿದ್ದು? ಒಂದೂ ಬಿಡಬಾರದು."

"ಅಮ್ಮಾ, ಅವನಿಗೆ ನೀನು ಕಾಣಲ್ಲ," ಎಂದು ಮಗಳು ಎದುರಿಗೆ ಬಂದು ಹೇಳಿದಳು.

ಅಮ್ಮ ಅವಳನ್ನು ಪಕ್ಕಕ್ಕೆ ಸರಿಸಿದಳು. ಅವಳ ಮಾತು ಇನ್ನೂ ಬಹಳ ಇತ್ತು. ಕಾಲರಿನ ವಿಷಯ ಹೇಳಿದಳು, ಪುಸ್ತಕದ ಹೊಲಿಗೆ ಸಡಿಲವಾಗಿದೆ, ಮುಂದಿನದನ್ನು ನಾನೇ ಹೊಲಿಯುತ್ತೇನೆ ಎಂದಳು, ಆ ಟೀಚರ್ ಈಗೆಲ್ಲಿದ್ದಾರೆ ಎಂದು ಕೇಳಿದಳು. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲು ಅವಳಿಗೆ ಒಂದು ಕೈಯೂ ಬಿಡುವಿರಲಿಲ್ಲ. ಟೀವಿಯಲ್ಲಿ ಮಗ ಬೆರಳೆತ್ತಿಕೊಂಡೇ, ರೆಪ್ಪೆ ಬಡಿಯದೆ ನೋಡುತ್ತಿದ್ದ.