ಗಣಪಿಯ ಆರಾಮ

ನಮ್ಮ ಕುಮಟೆಯ ಕಡೆ ಎದುರು ಸಿಕ್ಕವರು ಮೊದಲು ಕೇಳುವುದು ‘ಆರಾಮಾ?’ ಎಂದು. ಅದಕ್ಕೆ ಉತ್ತರವೂ ಒಂದೇ, ‘ಆರಾಮ’. ಮನೆಯಲ್ಲಿ ಜ್ವರ ಬಂದು ಮಲಗಿದವರಿರಲಿ, ಗದ್ದೆಗೆ ಉಪ್ಪುನೀರು ನುಗ್ಗಿರಲಿ, ಮೊದಲು ಆರಾಮ ಅಂದು, ಆಮೇಲೆ ಬೇಕಾದರೆ ನಿಧಾನಕ್ಕೆ ಕಷ್ಟದ ಗಂಟು ಬಿಚ್ಚಬೇಕು. ಕೇಳಿದ ಕೂಡಲೇ ಗೋಳು ತೋಡಿಕೊಳ್ಳುವವರನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಹೊಳನಗದ್ದೆಯ ಗಣಪಿ ಈ ವಿಷಯದಲ್ಲಿ ಬಲು ಶಿಸ್ತಿನ ಹೆಂಗಸು. ಹರಿವೆ, ಬಸಳೆ ಸೊಪ್ಪಿನ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಜನ ಕೇಳಿದರೂ ಅಷ್ಟೂ ಜನರಿಗೆ ನಗುತ್ತ ಆರಾಮ ಹಂಚಿ ಬರುತ್ತಿದ್ದಳು. ಅವಳ ಗಂಡ ಬೀರನಿಗೆ ಅದರಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಅವಳಿಗೆ ಸರ್ಪಸುತ್ತು ಬಂದದ್ದು ಮೂರು ವರ್ಷದ ಹಿಂದೆ, ಈರುಳ್ಳಿ ಕೀಳುವ ಹೊತ್ತಿಗೆ. ಎಡಬೆನ್ನಿನಿಂದ ಎದೆಯ ಕೆಳಗಿನವರೆಗೆ ಗುಳ್ಳೆ ಎದ್ದು ಪಟ್ಟಿ ಕಟ್ಟಿದಂತೆ ಹಬ್ಬಿತು. ಬೀರ ಆಸ್ಪತ್ರೆಯ ದಾರಿ ಹಿಡಿಯದೆ ಅವಳನ್ನು ಭಟ್ಕಳದಾಚೆಯ ಬೆಳಕೆ ಎಂಬ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬರು ಕೆಮ್ಮಣ್ಣು ಕಲಸಿ ಗುಳ್ಳೆಯ ಸುತ್ತ ಗೆರೆ ಎಳೆದು, ಸರ್ಪದ ಹೆಡೆಯೂ ಬಾಲವೂ ಕೂಡದ ಹಾಗೆ ತಡೆದಾಯಿತು ಎಂದರು. ಗುಳ್ಳೆ ಒಣಗಿತು, ಹಕ್ಕಳೆ ಉದುರಿತು. ಉರಿ ಮಾತ್ರ ಹೋಗಲಿಲ್ಲ. ಚರ್ಮದ ಮೇಲೆ ನೋಡಿದರೆ ಏನೂ ಇಲ್ಲ, ಒಳಗೆ ಕೆಂಡ. ರವಿಕೆಯ ಬಟ್ಟೆ ಸೋಕಿದರೂ ಗಣಪಿ ಹಲ್ಲು ಕಚ್ಚುತ್ತಿದ್ದಳು. ಪೇಟೆಗೆ ಹೋಗುವುದು ನಿಂತಿತು. ಮದುವೆಮನೆಗಳಲ್ಲಿ ಹಾಡಿಗೆ ಮೊದಲ ದನಿ ಎತ್ತುತ್ತಿದ್ದವಳು, ಉಸಿರು ಎಳೆದರೆ ಪಕ್ಕೆ ಉರಿಯುತ್ತದೆಂದು ಹಿಂದಿನ ಸಾಲಿಗೆ ಸರಿದಳು. ಆಮೇಲೆ ಮದುವೆಗಳಿಗೂ ಹೋಗಲಿಲ್ಲ.

ಕುಮಟೆಯ ಡಾಕ್ಟರು ನರದ ಗುಳಿಗೆ ಕೊಟ್ಟರು. ಒಂದು ಗುಳಿಗೆಗೆ ಉರಿ ಜಗ್ಗಲಿಲ್ಲ, ಎರಡಕ್ಕೆ ಗಣಪಿ ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಗಂಜಿ ಸೀದುಹೋಯಿತು. ಇನ್ನೂ ಹೆಚ್ಚಿಸಿದಾಗ ಕುಡಿದವಳ ಹಾಗೆ ಕಾಲು ತಡವರಿಸಿ ಅಂಗಳದಲ್ಲಿ ಬಿದ್ದಳು. ಹಚ್ಚುವ ಮುಲಾಮನ್ನು ಹಚ್ಚುವವರು ಯಾರು, ಮುಟ್ಟಿದರೇ ಜೀವ ಹೋಗುತ್ತಿದ್ದಾಗ? ನೆರೆಮನೆಯ ಕಮಲಿ ಬೇಲಿಯಾಚೆಯಿಂದ, “ಆರಾಮೇನೇ ಗಣಪಿ?” ಎಂದು ಕೂಗಿದರೆ ಉತ್ತರ ಮಾತ್ರ ಮೊದಲಿನದೇ ಬರುತ್ತಿತ್ತು. ಕಡೆಗೆ ಡಾಕ್ಟರು, ನೋವಿಗೆಂದೇ ಬೇರೆ ವಿಭಾಗ ಇದೆ, ಅಲ್ಲಿಗೆ ಹೋಗಿ ಎಂದು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಖರ್ಚಿನ ಬಹುಪಾಲನ್ನು ಅಲ್ಲಿಯ ಟ್ರಸ್ಟಿನವರೇ ನೋಡಿಕೊಂಡರು.

ಮಂಗಳೂರಿನ ಡಾಕ್ಟರು ಬಯಲುಸೀಮೆಯ ಕಡೆಯವರು, ಇನ್ನೂ ಚಿಕ್ಕ ಪ್ರಾಯ, ಒಳ್ಳೆಯ ಮನುಷ್ಯ. ಈ ಕತೆಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಬೈಯಲಿಕ್ಕೆ ಒಬ್ಬರಾದರೂ ಇದ್ದಿದ್ದರೆ ಬೀರನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಗಣಪಿಯನ್ನು ಎದುರು ಕೂರಿಸಿಕೊಂಡು, “ನೋವಿಲ್ಲ ಅಂದರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದರೆ ಹತ್ತು. ನಿಮ್ಮದು ಎಷ್ಟು?” ಎಂದು ಕೇಳಿದರು.

ಗಣಪಿ ಸ್ವಲ್ಪ ಯೋಚಿಸಿ, “ಎಷ್ಟ್ ಹಾಕ್ವ, ನೀವೇ ಹೇಳಿ” ಎಂದಳು, ಬಸಳೆಯ ಸೂಡಿಗೆ ಬೆಲೆ ಕೇಳಿದ ಗಿರಾಕಿಗೆ ಹೇಳುವ ಹಾಗೆ.

ಡಾಕ್ಟರು ನಕ್ಕರು, ಬೀರನೂ ನಕ್ಕ. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು: ಮೊದಲು ಆ ನರದ ಬುಡಕ್ಕೆ ಪರೀಕ್ಷೆಯ ಸೂಜಿಮದ್ದು ಹಾಕುತ್ತೇವೆ. ಅದರಿಂದ ಕೆಲವು ತಾಸು ಉರಿ ಹೋದರೆ, ತೊಂದರೆ ಅದೇ ನರದ್ದು ಎಂದು ಗೊತ್ತಾಗುತ್ತದೆ. ಆಗ ಆ ನರವನ್ನು ಕಾಯಿಸಿ ಮಂದ ಮಾಡಬಹುದು. ಉರಿ ಹೋಗದಿದ್ದರೆ ಆ ನರವನ್ನು ಮುಟ್ಟಬಾರದು, ಮುಟ್ಟಿದರೆ ಹೆಚ್ಚಾಗುವ ಅಪಾಯವೂ ಇದೆ. ಬೀರ ಎಲ್ಲದಕ್ಕೂ ತಲೆ ಅಲ್ಲಾಡಿಸಿದ. ಅವನ ಕಿವಿಗೆ ಬಿದ್ದದ್ದು ಉರಿ ಹೋಗುತ್ತದೆ ಎಂಬ ಒಂದೇ ಮಾತು.

ಸೂಜಿಮದ್ದು ಹಾಕಿ ಅರ್ಧ ತಾಸಾದ ಮೇಲೆ ಡಾಕ್ಟರು ಮಂಚದ ಹತ್ತಿರ ಬಂದರು. ಕರಾವಳಿಗೆ ಬಂದ ಮೇಲೆ ಕಲಿತ ಮಾತನ್ನು ಪ್ರೀತಿಯಿಂದಲೇ ಆಡಿದರು. “ಏನ್ ಗಣಪಮ್ಮಾ, ಆರಾಮಾ?”

“ಆರಾಮ. ನೀವ್ ಆರಾಮಾ?” ಎಂದಳು ಗಣಪಿ.

“ನಾನೂ ಆರಾಮ. ಉರಿ ಹೋಯ್ತು ಹಾಗಾದರೆ?”

ಒಮ್ಮೆ ಬಾಯಿಂದ ಹೋದ ಆರಾಮವನ್ನು, ಅದೂ ಅಷ್ಟು ಅಕ್ಕರೆಯಿಂದ ಕೇಳಿದವರ ಮುಂದೆ, ವಾಪಸು ತೆಗೆದುಕೊಳ್ಳುವುದು ಹೇಗೆ? ಗಣಪಿ “ಹೂಂ” ಎಂದಳು. ಬಾಗಿಲಲ್ಲಿ ನಿಂತಿದ್ದ ಬೀರ ಕೈ ಮುಗಿದ. ಹೆಂಡತಿಯ ಬಾಯಲ್ಲಿ ದಿನಾ ಕೇಳುವ ಮಾತೇ ಅದು. ಆದರೂ ಆವತ್ತು ಅವನಿಗೆ ಅದು ಹೊಸದಾಗಿ ಕೇಳಿಸಿತು, ಕಣ್ಣಲ್ಲಿ ನೀರು ಬಂತು.

ನರ ಸುಟ್ಟರು.

ಊರಿಗೆ ಮರಳಿದ ಕೆಲವು ವಾರಗಳಲ್ಲಿ ಪಕ್ಕೆಯ ಚರ್ಮ ಮರಗಟ್ಟಿತು. ಚಿವುಟಿದರೂ ಗೊತ್ತಾಗದು. ಆದರೆ ಆ ಸತ್ತ ಚರ್ಮದ ಅಡಿಯಲ್ಲಿ ಉರಿ ಮೊದಲಿನದರ ಎರಡರಷ್ಟಾಗಿ ಎದ್ದಿತು, ಮರಗಟ್ಟಿದ ಜಾಗದ ಅಂಚಿಗೆ ಗಾಳಿ ಸೋಕಿದರೂ ಸಾಕಿತ್ತು. ಗಣಪಿ ಗೋಡೆ ಹಿಡಿದು ನಿಂತಲ್ಲೇ ನಿಂತಿರುತ್ತಿದ್ದಳು. ಬೀರ ಮತ್ತೆ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದ.

ಡಾಕ್ಟರಿಗೆ ನಂಬಲಿಕ್ಕಾಗಲಿಲ್ಲ. “ಸೂಜಿ ಹಾಕಿದಾಗ ಪೂರ್ತಿ ಆರಾಮ ಅಂದಿದ್ದಿರಲ್ಲಾ?”

“ನೀವು ಆರಾಮಾ ಕೇಳ್ದ್ರಿ,” ಎಂದಳು ಗಣಪಿ. “ಕೇಳ್ದೋರಿಗೆ ಮತ್ತೆಂತ ಹೇಳೂದು?”

“ಆವತ್ತು ಉರಿ ಇತ್ತಾ?”

“ಇತ್ತು.”

ತಾವು ಹಾಗೆ ಕೇಳಬಾರದಿತ್ತು ಎಂದರು ಡಾಕ್ಟರು. ಆ ಒಂದು ಮಾತಿನ ಮೇಲೆ ನರ ಸುಟ್ಟದ್ದು, ಅದನ್ನು ಮೊದಲಿನ ಹಾಗೆ ಮಾಡಲಿಕ್ಕೆ ಬರುವುದಿಲ್ಲ ಎಂದೂ ಮೆಲ್ಲಗೆ ಹೇಳಿದರು. ಇನ್ನೊಂದು ದಾರಿ ಉಳಿದಿದೆ. ಬೆನ್ನುಹುರಿಯ ಹತ್ತಿರ ಸಣ್ಣ ತಂತಿ ಇಟ್ಟು ಕರೆಂಟು ಬಿಡುವುದು. ನೋವು ತಲೆಗೆ ಏರುವ ದಾರಿಯಲ್ಲೇ ಅದು ತಡೆಯುತ್ತದೆ. ಒಂದು ವಾರ ಇಟ್ಟು ನೋಡುವುದು. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಒಳಗೆ ಕಾಯಂ ಯಂತ್ರ ಕೂರಿಸುವುದು, ಇಲ್ಲವಾದರೆ ತಂತಿ ತೆಗೆಯುವುದು.

ಹೊರಗೆ ವರಾಂಡದಲ್ಲಿ ಬೀರನ ಸಿಟ್ಟು ನೆತ್ತಿಗೇರಿತು. “ನಿಂಗೆ ಬುದ್ಧಿ ಇದ್ಯೇನೇ? ಅದೆಂತ ಪೇಟೆಯಾ, ಕಮಲಿಯಾ? ಡಾಕ್ಟ್ರು ಕೇಳೂದು ನಿನ್ ಮರ್ಯಾದಿ ನೋಡೂಕಲ್ಲ!” ಸುತ್ತಲಿನವರು ತಿರುಗಿ ನೋಡಿದರು. ಬೀರ ದನಿ ತಗ್ಗಿಸಿದ. “ಇನ್ನಾರೂ ಇದ್ದದ್ದ್ ಇದ್ದಾಂಗೆ ಹೇಳೇ ಮಾರಾಯ್ತಿ. ನಿನ್ ಕಾಲಿಗ್ ಬೀಳ್ತೆ.”

“ಆತು. ಹೇಳ್ತೆ,” ಎಂದಳು ಗಣಪಿ.

ಬೆನ್ನಿಗೆ ತಂತಿ ಇಟ್ಟರು. ಸೊಂಟಕ್ಕೆ ಚಿಕ್ಕ ಡಬ್ಬಿ ಕಟ್ಟಿದರು. ಆ ವಾರ ಬೀರ ಹೆಂಡತಿಯ ಮುಖ ಓದುತ್ತ ಕೂತ. ಒಂದು ದಿನ ಮಧ್ಯಾಹ್ನ ಅವಳು ಗಾಢವಾಗಿ ನಿದ್ದೆ ಮಾಡಿದಳು. ಇನ್ನೊಂದು ದಿನ ತಾನೇ ತಲೆ ಬಾಚಿಕೊಂಡಳು. ಮತ್ತೊಂದು ಸಂಜೆ ಕಿಟಕಿಯ ಹತ್ತಿರ ನಿಂತು ಮದುವೆಯ ಹಾಡಿನ ಒಂದು ಸಾಲು ಗುನುಗಿದಳು, ಗುನುಗಿದ್ದು ಅವಳಿಗೇ ಗೊತ್ತಿರಲಿಲ್ಲವೇನೋ. ಬೀರ ಇದನ್ನೆಲ್ಲ ಕೂಡಿಸಿ ಕೂಡಿಸಿ, ಮುಂದಿನ ಬೇಸಿಗೆಗೆ ಇಬ್ಬರೂ ಸೇರಿ ಕಿತ್ತ ಈರುಳ್ಳಿಯನ್ನು ಜಡೆ ಹೆಣೆಯುವವರೆಗೂ ಲೆಕ್ಕ ಮುಟ್ಟಿಸಿಬಿಟ್ಟ.

ವಾರ ಮುಗಿದ ದಿನ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ಈ ಸಲ ಬಹಳ ಎಚ್ಚರದಿಂದ ಕೇಳಿದರು. “ಗಣಪಮ್ಮಾ, ನನಗೆ ಖುಷಿ ಆಗಲಿ ಅಂತ ಹೇಳಬೇಡಿ. ಮೊದಲು ಹತ್ತು ಇದ್ದಿದ್ದು ಈಗ ಎಷ್ಟು?”

ಗಣಪಿ ಗಂಡನ ಕಡೆ ನೋಡಿದಳು. ನಿಜ ಹೇಳು ಎಂದು ಕಾಲಿಗೆ ಬೀಳಲು ಹೊರಟವನಿಗೆ ಈಗ, ನಾಲ್ಕು ಅನ್ನೇ, ಐದಾದರೂ ಅನ್ನೇ ಎಂದು ಕೂಗಬೇಕೆನಿಸಿತು.

“ಜುಮುಜುಮು ಅಂತದೆ,” ಎಂದಳು ಗಣಪಿ. “ಜುಮುಜುಮು ಒಂದ್ ಬದಿಗೆ, ಉರಿ ಒಂದ್ ಬದಿಗೆ. ಉರಿ ಹತ್ತ್ ಇದ್ದದ್ದು ಹತ್ತೇ.”

“ಸ್ವಲ್ಪವೂ ಕಡಿಮೆ ಇಲ್ಲ?”

“ಇಲ್ಲ. ಇದ್ದದ್ದ್ ಇದ್ದಾಂಗೆ ಹೇಳ್ದೆ.”

ಡಾಕ್ಟರು ಅವಳ ಕೈ ಹಿಡಿದು, ನಿಜ ಹೇಳಿದ್ದು ಒಳ್ಳೆಯದಾಯಿತು ಎಂದರು. ಅದೇ ಸಂಜೆ ತಂತಿ ತೆಗೆದರು. ಇನ್ನು ಕತ್ತಿ ಹಾಕುವಂಥದ್ದು ಏನೂ ಮಾಡುವುದು ಬೇಡ, ಮಾಡಿದರೆ ಕಾಲಿನ ಶಕ್ತಿಗೂ ಅಪಾಯ, ಗುಳಿಗೆಯಲ್ಲೇ ಆದಷ್ಟು ತಗ್ಗಿಸಿಕೊಂಡು ಹೋಗೋಣ ಎಂದು ಬೀರನಿಗೆ ಬೇರೆಯಾಗಿ ಹೇಳಿದರು. ಬೀರ ಅವರಿಗೆ ಕೈ ಮುಗಿದು ಹೊರಗೆ ಬಂದ.

ಮರುದಿನ ರೈಲಿನಲ್ಲಿ ಗಣಪಿ, ಎಡಪಕ್ಕೆಗೆ ಗಾಳಿ ಸೋಕದಿರಲೆಂದು, ಬಲಕ್ಕೆ ಕಿಟಕಿ ಬರುವ ಹಾಗೆ ಕೂತಳು, ಬೀರ ಅವಳ ಎಡಕ್ಕೆ ಕೂತ. ಭಟ್ಕಳದಲ್ಲಿ ಬೀರ ಚಾ ಕೊಡಿಸಿದ. ಚಾ ಕುಡಿಯುತ್ತ ಗಣಪಿ, ಯಾರೂ ಕೇಳದಿದ್ದರೂ, ಹೇಳತೊಡಗಿದಳು. ನಿಜ ಹೇಳುವ ಬಾಯಿ ಒಮ್ಮೆ ತೆರೆದದ್ದು ಮತ್ತೆ ಮುಚ್ಚಿಕೊಳ್ಳಲಿಲ್ಲ. ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ ಹೇಗೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಾಳೆ, ಹರಿವೆ ಮಡಿಯಲ್ಲಿ ಕಳೆ ಕೀಳುವಾಗ ಎಷ್ಟು ಸಲ ಮಣ್ಣಿಗೆ ಹಣೆ ಒತ್ತಿದ್ದಾಳೆ, ತಂಗಿಯ ಮಗಳು ದೀಪಾಳ ಮದುವೆಯಲ್ಲಿ ಕೊಟ್ಟಿಗೆಯ ಹಿಂದೆ ಹೋಗಿ ಹೇಗೆ ಕೂತಿದ್ದಳು. ಅಲ್ಲೆಲ್ಲ ಬೀರ ಹತ್ತಿರವೇ ಇದ್ದ. ಉರಿ ಇದೆಯೆಂದು ಗೊತ್ತಿದ್ದ ಅವನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಕಿವಿ ಮುಚ್ಚಿಕೊಳ್ಳಬೇಕೆನಿಸಿದರೂ ಕೇಳುತ್ತ ಕೂತ.

“ರಾತ್ರಿ ನೀವು ಮಗ್ಗುಲ್ ಬದ್ಲಿಸ್ರೆ ಕಂಬ್ಳಿ ಎಳೀತದೆ,” ಎಂದಳು. “ನಿಮ್ ಕೈ ತಾಗ್ತದೆ. ಆಗ ಜೀವ ಬಾಯಿಗ್ ಬರ್ತದೆ.”

ರೈಲು ಶರಾವತಿಯ ಸೇತುವೆ ದಾಟಿ ಹೊನ್ನಾವರದಲ್ಲಿ ನಿಂತು ಮತ್ತೆ ಹೊರಟಿತು. ಹೊರಟ ಜಗ್ಗಿಗೆ ಅವನ ಮೊಣಕೈ ಅವಳ ಎಡಪಕ್ಕೆಗೆ ತಾಗಿತು. ಅವಳು ಕಣ್ಣು ಮುಚ್ಚಿಕೊಂಡಳು, ಈ ಸಲ ಮರೆಮಾಚಲಿಲ್ಲ.

“ಮೂರು ವರ್ಷ ನಂಗೊಂದ್ ಮಾತ್ ಹೇಳ್ಲಿಲ್ವಲ್ಲೇ,” ಎಂದ ಬೀರ.

“ಹೇಳ್ರೆ ನೀವು ಬೇರೆ ಮಲಗ್ತಿದ್ರಿ.”

ಬೀರ ಎದ್ದ. ಸ್ವಲ್ಪ ಹೊತ್ತು ಅಲ್ಲೇ ಕಂಬಿ ಹಿಡಿದು ನಿಂತು, ಆಮೇಲೆ ಎದುರಿನ ಸೀಟಿಗೆ ಹೋಗಿ ಕೂತ. ಗಣಪಿ ಬೇಡ ಅನ್ನಲಿಲ್ಲ. ಅವನು ಎದ್ದುಹೋದ ಜಾಗದಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಕುಮಟೆ ಬರುವವರೆಗೆ ಇಬ್ಬರೂ ಹಾಗೇ ಎದುರುಬದುರು ಕೂತಿದ್ದರು.