ನಗಾರಿಯ ಹಿಂದಿನ ದನಿ

ಅವರೆ ಹಿದುಕುತ್ತ ಕೂತಿದ್ದೆ. ನೆನೆದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಅರ್ಧ ಪಾತ್ರೆ ತುಂಬುವ ಹೊತ್ತಿಗೆ ನನ್ನ ಮಗ ಹರ್ಷವರ್ಧನ ಆಟೋದಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಸಿಕೊಂಡು ಒಳಗೆ ಬಂದ.

"ತಗೊ ಅವ್ವ, ನೀನು ಕೇಳ್ದಲ್ಲ ಸ್ಪೀಕರು. ಇಡೀ ಬೀದಿಗೆ ಕೇಳ್ತದೆ, ಅಂಥದ್ದು ತಂದಿವ್ನಿ."

"ಬೀದಿಗೆ ಯಾಕ್ಲಾ? ನಂಗೆ ಕೇಳುದ್ರೆ ಸಾಕು."

ಸ್ಪೀಕರು ಬೇಕಾದದ್ದು ಯಾಕೆ ಅಂದರೆ, ದೀಪಾವಳಿಗೆ ಮುಂಚೆ ಮಳವಳ್ಳಿಯ ನಮ್ಮ ಮನೆಗೆ ಒಂದು ಕಾಗದ ಬಂದಿತ್ತು. ಜನಪದ ಹಾಡುಗಳನ್ನು ಕೂಡಿಡುವ ಒಂದು ಸಂಸ್ಥೆಯವರು ಬರೆದದ್ದು. ನಾನು ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಮದ್ದೂರಿನ ಕಡೆಯ ನಮ್ಮೂರಲ್ಲಿ ಗೌಡರ ಮನೆಯ ಮದುವೆಯಾಯಿತು. ಆಗ ಯಾರೋ ಮೇಷ್ಟರು ಟೇಪ್ ರೆಕಾರ್ಡರ್ ತಂದು ಸೋಬಾನೆ ಪದಗಳನ್ನು ಹಿಡಿದುಕೊಂಡು ಹೋಗಿದ್ದರು. ಅದನ್ನು ಈಗ ಎಲ್ಲರೂ ಕೇಳುವ ಹಾಗೆ ಹೊರಗೆ ತರುತ್ತಾರಂತೆ. 'ಹಾಡಿದವರು: ಮಲ್ಲಿಗಮ್ಮ ಮತ್ತು ಸಂಗಡಿಗರು. ನಗಾರಿ: ಮರಿಯಯ್ಯ' ಎಂದು ಅಚ್ಚಾಗಿತ್ತು. ಮರಿಯಯ್ಯ ನಮ್ಮಪ್ಪ. ಅವನ ವಾರಸುದಾರಳು ಅಂತ ನನ್ನ ಒಪ್ಪಿಗೆಯ ರುಜು ಬೇಕಿತ್ತು. ಬದಲಾವಣೆ ಏನಾದರೂ ಇದ್ದರೆ ಬರೆದು ತಿಳಿಸಿ ಎಂದೂ ಇತ್ತು. ಹಾಡನ್ನು ಫೋನಿಗೆ ಕಳಿಸಿದ್ದರು.

ಮಲ್ಲಿಗಮ್ಮ ಗೌಡರ ಮನೆಯ ಹೆಣ್ಣುಮಗಳು. ಚಪ್ಪರದ ಒಳಗೆ ಹಾಡಿದವರಲ್ಲಿ ಆಕೆ ಹಿರಿಯಳು, ಅದು ಸುಳ್ಳಲ್ಲ. ಆದರೆ ಪದ ಎತ್ತಿಕೊಡುತ್ತಿದ್ದವಳು ನಮ್ಮವ್ವ ಪುಟ್ಟಮಾದಮ್ಮ. ಮೇಲುಕೇರಿಯ ಯಾವ ಮದುವೆಯಾದರೂ ಅವ್ವನಿಗೆ ಹೇಳಿಕಳಿಸುತ್ತಿದ್ದರು. ಅವ್ವ ಚಪ್ಪರದಾಚೆ, ಬೀದಿಯಲ್ಲಿ, ಅಪ್ಪನ ನಗಾರಿಯ ಪಕ್ಕ ನಿಲ್ಲಬೇಕು. ಅಲ್ಲಿಂದ ಒಂದು ಸಾಲು ಎತ್ತಿಕೊಡಬೇಕು. ಒಳಗೆ ಚಾಪೆ ಮೇಲೆ ಕೂತವರು ಅದನ್ನೇ ಹಿಡಿದು ಹಾಡಬೇಕು. ಪದ ಒಳಕ್ಕೆ ಹೋಗಬಹುದಿತ್ತು, ಅವ್ವ ಹೋಗುವ ಹಾಗಿರಲಿಲ್ಲ. ಮೇಷ್ಟರು ಮೈಕು ಇಟ್ಟದ್ದು ಚಪ್ಪರದ ನಡುಗಂಬದ ಬುಡದಲ್ಲಿ.

ಫೋನಿನಲ್ಲಿ ಕೇಳಿದರೆ ಎಲ್ಲ ಒಂದೇ ಗದ್ದಲ. "ರುಜು ಹಾಕಿ ಕಳ್ಸು ಅತ್ಲಾಗೆ" ಅಂದ ಹರ್ಷ. ಮಲ್ಲಿಗಮ್ಮನ ಮಗ ಶಿವಣ್ಣ ರುಜು ಕೇಳಿ ಮೂರು ಸಲ ಫೋನು ಮಾಡಿದ. ನಾನು ಕಳಿಸಲಿಲ್ಲ. ಅವ್ವನ ದನಿ ಇದೆ ಅಂತ ಬರೆಯಬೇಕಾದರೆ ಅದನ್ನು ನಾನು ಕಿವಿಯಾರೆ ಕೇಳಿರಬೇಕು. ಕೇಳದೆ ಬರೆದರೆ ಮುದುಕಿಯ ಹಟ ಅಂತಾರೆ.

ಹರ್ಷ ಹೊಸ ಪೆಟ್ಟಿಗೆಯನ್ನು ಜೋಡಿಸಿ ಹಾಡು ಹಾಕಿದ. ನಗಾರಿ ಬಂತು ನೋಡಿ, ಶೋಕೇಸಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಅಂದವು. ಸೊಸೆ ಸೌಮ್ಯ ಅಡುಗೆಮನೆಯಿಂದ ಓಡಿ ಬಂದಳು.

"ರೀ, ಕಮ್ಮಿ ಮಾಡ್ರಿ. ಗೋಡೆ ಬಿದ್ದೋದಾತು."

"ನಮ್ ತಾತ ಕಣೆ. ಎಂಗೆ ಬಡೀತಾವ್ನೆ ನೋಡು" ಎಂದು ಹರ್ಷ ಹಿಗ್ಗಿದ.

ನಾನು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದೆ. ಅಪ್ಪನೇನೋ ಜೀವಂತವಾಗಿ ಎದ್ದು ಬಂದಿದ್ದ. ಅವ್ವ ಇರಲಿಲ್ಲ.

"ವಾಪಸ್ ಕೊಟ್ಬುಡು" ಅಂದೆ.

"ಅವ್ವೋ, ಸಾವಿರಾರು ಜನ ಐದು ಸ್ಟಾರು ಕೊಟ್ಟವ್ರೆ ಇದಕ್ಕೆ."

"ಕೊಡ್ಲಿ. ನಿಮ್ ತಾತ ಬದುಕಿದ್ದಾಗ್ಲೂ ಇಂಗೇಯ, ಅವನ ಸದ್ದೇ ಸದ್ದು. ಈಗ ಅದ್ನ ದುಡ್ಡು ಕೊಟ್ಟು ಬ್ಯಾರೆ ಕೇಳ್ಬೇಕಾ?"

ಸೌಮ್ಯ ನಕ್ಕಳು, ಹರ್ಷ ನಗಲಿಲ್ಲ. ಅವನಿಗೆ ನಿಜವಾಗಿ ಬೇಜಾರಾಗಿತ್ತು. ಹನ್ನೆರಡು ಸಾವಿರ ಕೊಟ್ಟು ತಂದಿದ್ದ. ಅದರ ಮೇಲೆ ಒಂದು ರೂಪಾಯಿ ಹಾಕುವುದಿಲ್ಲ, ಇನ್ನು ನೀವುಂಟು ನಿಮ್ಮ ಸ್ಪೀಕರುಂಟು ಅಂದುಬಿಟ್ಟ. ಆಗಲಿ ಅಂದೆ.

ಸೌಮ್ಯ ಆಸ್ಪತ್ರೆಯಲ್ಲಿ ಈಸಿಜಿ ತೆಗೆಯುವವಳು. ಡ್ಯೂಟಿ ಮುಗಿಸಿ ಬಂದ ಮೇಲೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಒಂದೊಂದೇ ಸ್ಪೀಕರಿನ ವಿಮರ್ಶೆ ತೆಗೆಯುತ್ತಿದ್ದಳು. ಕನ್ನಡದಲ್ಲಿದ್ದರೆ ನಾನೇ ಓದುತ್ತಿದ್ದೆ, ಇಂಗ್ಲಿಷಾದರೆ ಅವಳು ಬಿಡಿಸಿ ಹೇಳುತ್ತಿದ್ದಳು. ಜನ ಬರೆಯುವುದನ್ನು ನೋಡಬೇಕು. 'ಪಕ್ಕದ ಮನೆಯವರು ಜಗಳಕ್ಕೆ ಬಂದರು, ಐದು ಸ್ಟಾರು.' 'ಹೇಳಿದ ದಿನಕ್ಕೆ ತಂದುಕೊಟ್ಟರು, ಐದು ಸ್ಟಾರು.' 'ಇನ್ನೂ ಬಿಚ್ಚಿಲ್ಲ, ಬಣ್ಣ ಚೆನ್ನಾಗಿದೆ, ನಾಲ್ಕು ಸ್ಟಾರು.'

"ಇವ್ರ ಮಾತು ಕೇಳಿ ಎತ್ತು ಕೊಂಡ್ರೆ ಉಳುಮೆ ಆದಂಗೇಯ" ಅಂದೆ.

ಹುಡುಕುತ್ತ ಹೋದಾಗ ಒಬ್ಬ ಸಿಕ್ಕ. ಅವನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಸ್ಪೀಕರಿನ ಮುಂದೆ ಮೈಕು ಇಟ್ಟು, ತಗ್ಗಿನ ಸದ್ದಿನಿಂದ ಎತ್ತರದ ಸದ್ದಿನವರೆಗೆ ಒಂದೊಂದನ್ನೂ ಅಳೆದು ಗೆರೆ ಎಳೆದು ತೋರಿಸುತ್ತಾನೆ. ಸೌಮ್ಯ ಅದನ್ನು ನೋಡಿದ್ದೇ ನೆಟ್ಟಗೆ ಕೂತಳು.

"ಅತ್ತೆ, ಇದನ್ನ ಓದಬೋದು. ಎಡಗಡೆ ನಗಾರಿ ಅಂಥ ಸದ್ದು, ನಡುವೆ ಮನುಷ್ಯರ ದನಿ, ಬಲಗಡೆ ಗೆಜ್ಜೆ ತಾಳ. ಗೆರೆ ನೇರ ಇದ್ರೆ, ಕೊಟ್ಟಿದ್ದನ್ನ ಕೊಟ್ಟಂಗೇ ಆಚೆ ಬಿಡ್ತದೆ ಅಂತ."

"ನಮ್ಮ ಹರ್ಸ ತಂದಿದ್ನಲ್ಲ, ಅದರ ಗೆರೆ ಅದಾ?"

ಇತ್ತು. ಎಡಗಡೆ ಗುಡ್ಡ, ನಡುವೆ ಹಳ್ಳ. ಆ ಹಳ್ಳದಲ್ಲಿ ಅವ್ವ ಬಿದ್ದಿದ್ದಳು.

ನೇರ ಗೆರೆ ಎಳೆಯುವವು ಬೇಕಾದಷ್ಟಿದ್ದವು, ನಮ್ಮ ಕೈಗೆಟುಕುವಂಥವಿರಲಿಲ್ಲ. ಕೊನೆಗೆ ಹನ್ನೆರಡು ಸಾವಿರದ ಒಳಗೆ ಒಂದು ಸಣ್ಣ ಜೋಡಿ ಕಂಡಿತು, ಒಂದೊಂದೂ ರಾಗಿ ಅಳೆಯುವ ಸೇರಿಗಿಂತ ಸ್ವಲ್ಪ ದೊಡ್ಡದು. ಗೆರೆ ನಡುವೆಲ್ಲ ನೇರ, ಎಡತುದಿಯಲ್ಲಿ ಮಾತ್ರ ಜಾರಿ ಬಿದ್ದುಹೋಗಿತ್ತು. ಜನ ಅದಕ್ಕೆ ಬೈದದ್ದೇ ಬೈದದ್ದು: ಬಾಸ್ ಇಲ್ಲ, ದಮ್ಮಿಲ್ಲ, ಪಾರ್ಟಿಗೆ ಆಗಲ್ಲ.

"ಇದೇಯ" ಅಂದೆ. "ಇವ್ರು ಯಾತಕ್ಕೆ ಬೈತಾವ್ರೋ ಅದೇ ಬೇಕು ನಂಗೆ."

ಹರ್ಷ ತಂದಿದ್ದ ಪೆಟ್ಟಿಗೆ ಹೊತ್ತುಕೊಂಡು ಮೂವರೂ ಮಂಡ್ಯದ ಬಸ್ಸು ಹತ್ತಿದೆವು. ಅಂಗಡಿಯ ಯತೀಶ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಅಜ್ಜಿ, ಅದು ಕಂಪ್ಯೂಟ್ರು ಮುಂದೆ ಇಡೋದು. ಮನೆಗಾಗಲ್ಲ. ಇದ್ರ ವಾಟು ಎಷ್ಟು ಗೊತ್ತಾ, ನೀವು ವಾಪಸ್ ತಂದಿರೋದ್ರದು?"

"ನನ್ ಮಗ ಕೆಲ್ಸ ಮಾಡೋದು ಸಿವನಸಮುದ್ರದಲ್ಲಿ ಕಣಪ್ಪ, ಕರೆಂಟು ಉಟ್ಟೋ ಜಾಗ. ವಾಟು ನಮ್ಮನೇಲೂ ಅವೆ. ನೀನು ಎರಡನ್ನೂ ಹಾಕು."

ಅವನು ಕುಣಿಯುವ ಹಾಡು ಹಾಕಲು ಹೋದ. ಬೇಡ, ನನ್ನದು ಹಾಕು ಅಂದೆ. ಸೌಮ್ಯ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದು, ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿದಳು. ಜೋರಾಗಿ ಕೂಗುವುದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದಂತೆ. ಅಂಗಡಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಲಿ. ಮೊದಲು ದೊಡ್ಡದು, ಆಮೇಲೆ ಸಣ್ಣದು. ಸಣ್ಣದರಲ್ಲಿ ನಗಾರಿ ಹಿಂದಕ್ಕೆ ಸರಿದು ನಿಂತಿತು. ರಸ್ತೆಯ ಹಾರನ್ನಿನ ನಡುವೆ ಇನ್ನೇನೂ ಖಾತ್ರಿಯಾಗಲಿಲ್ಲ. ಆದರೂ ನಗಾರಿಯ ಹಿಂದೆ ಏನೋ ಇತ್ತು. "ಇದ್ನೇ ಕಟ್ಕೊಡಪ್ಪ" ಅಂದೆ.

ಮನೆಗೆ ಬಂದು ಹರ್ಷ ಅವನ್ನು ಶೋಕೇಸಿನೊಳಗೆ ತುರುಕಿದ. ಮತ್ತೆ ಗುಂಯ್ ಗುಂಯ್. ಸೌಮ್ಯ ಎತ್ತಿ ತಂದು, ಗೋಡೆಯಿಂದ ಒಂದು ಮೊಳ ಈಚೆಗೆ ಎರಡು ಸ್ಟೂಲಿನ ಮೇಲೆ, ನನ್ನ ಕಿವಿಯ ಎತ್ತರಕ್ಕೆ ಇಟ್ಟಳು. ಫ್ಯಾನು ಆರಿಸಿದಳು.

ಚಪ್ಪರದ ಹೆಂಗಸರು ಮೈಕಿನ ಹತ್ತಿರ, ಗಟ್ಟಿಯಾಗಿ. ಒಂದು ಬಳೆ ಸದ್ದು. ಒಂದು ಕೂಸು ಕೊಂಯ್ ಅಂದದ್ದು. ಇದ್ದಕ್ಕಿದ್ದಂತೆ ಒಳಗಿನವರು ನಿಂತುಹೋದರು. ದೊಡ್ಡ ಪೆಟ್ಟಿಗೆಯಲ್ಲಿ ಇದೇ ಜಾಗದಲ್ಲಿ ಬರೀ ನಗಾರಿ ಕೇಳಿ, ಅದು ನಗಾರಿಯವನ ಸರದಿ ಅಂದುಕೊಂಡಿದ್ದೆವು. ಸರದಿಯಲ್ಲ. ಅವರಿಗೆ ಮುಂದಿನ ಸಾಲು ಗೊತ್ತಿರಲಿಲ್ಲ. ಆಚೆಯಿಂದ, ದೂರದಿಂದ, ನಗಾರಿಯ ಪೆಟ್ಟು ಪೆಟ್ಟಿನ ಸಂದಿಯಿಂದ, ಒಂದು ತೆಳ್ಳನೆಯ ದನಿ ಬಂತು:

ಅತ್ತೇಯ ಮನೆಬಾಗ್ಲು ಗಿಡ್ಡಾದೆ ಕಣೆ ಕೂಸೆ
ತಲೆ ಬಗ್ಸಿ ಒಳಗೋಗು, ಮನಸ ಬಗ್ಗಿಸಬ್ಯಾಡ

ಒಳಗಿನವರು ತಡವರಿಸಿದರು. ಆಚೆಯ ದನಿ ಇನ್ನೊಂದು ಸಲ ಹೇಳಿಕೊಟ್ಟಿತು. ಆಮೇಲೆ ಎಲ್ಲರೂ ಹಿಡಿದರು.

ಆ ಸಾಲು ಅವ್ವ ಅವತ್ತೇ ಕಟ್ಟಿದ್ದು. ಆ ಮದುವಣಗಿತ್ತಿಯ ಎತ್ತರ ನೋಡಿ ಕಟ್ಟಿದ್ದು. ನಾನು ಅವಳ ಸೆರಗು ಹಿಡಿದು ಅಲ್ಲೇ ನಿಂತಿದ್ದೆ. ಹರ್ಷ ನೆಲದ ಮೇಲೆ ಕೂತುಬಿಟ್ಟ. "ಇನ್ನೊಂದ್ಸಲ ಹಾಕು ಸೌಮ್ಯ" ಅಂದ, ಮೆಲ್ಲಗೆ.

ಆ ವಾರವೇ ಶಿವಣ್ಣ ಮದ್ದೂರಿನಿಂದ ಬಂದ. ಬಿಡುಗಡೆಯ ದಿನ ಗೊತ್ತಾಗಿದೆ, ನನ್ನ ರುಜು ಒಂದೇ ಬಾಕಿ ಅಂದ. ನಾನು ಹಾಡು ಹಾಕಿಸಿದೆ. ಹೆಂಗಸರು ನಿಂತುಹೋಗುವ ಜಾಗ ಬಂತು, ಆ ದನಿಯೂ ಬಂತು. ಅವನು ಕಾಫಿ ಲೋಟ ಕೆಳಗಿಟ್ಟ.

"ನಿಮ್ಮವ್ವ ಪದ ಏಳ್ತಿದ್ಲು, ಇಲ್ಲ ಅಂದೋರ್ಯಾರು ಕಾಮಾಕ್ಷಮ್ಮ. ಆದ್ರೆ ಇದು ನಮ್ಮವ್ವನೇ ಇರ್ಬೋದು. ಮೈಕಿಂದ ದೂರ ಕೂತಿರ್ಬೋದು."

"ಎಷ್ಟು ದೂರ, ಗೌಡ್ರೆ? ನಗಾರಿ ಎಷ್ಟು ದೂರ ಕೇಳ್ತದೋ ಈ ದನಿನೂ ಅಷ್ಟೇ ದೂರ ಅದೆ. ನಗಾರಿ ಪಕ್ಕ ನಿಂತ್ಕಂಡು ಏಳಿರೋ ದನಿ ಇದು. ನಮ್ಮಪ್ಪನ್ನ ಯಾವತ್ತು ಚಪ್ಪರದೊಳಕ್ಕೆ ಬುಟ್ಕೊಂಡಿದ್ರಿ ನೀವು?"

ಅವನು ಲೋಟ ಮತ್ತೆ ಕೈಗೆತ್ತಿಕೊಂಡ. ಹಾಡು ಮುಗಿಯಿತು.

"ಈಗ ಯಾಕೆ ಇದೆಲ್ಲ ಕೆದಕೋದು. ಊರಲ್ಲಿ ಒಂದು ಮಾತು ಬತ್ತದೆ."

"ಬರ್ಲಿ. ಅವತ್ತು ಮಾತು ಬರ್ಬಾರ್ದು ಅಂತಾನೇ ನಮ್ಮವ್ವ ಬೀದೀಲಿ ನಿಂತಿದ್ದು."

ಹರ್ಷ ಎದ್ದು ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಶಿವಣ್ಣ ಕಾಫಿ ಪೂರ್ತಿ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದ: "ಏನ್ ಬರೀತಿಯೋ ಬರಿ. ನಮ್ಮವ್ವನ ಎಸ್ರು ಮಾತ್ರ ತೆಗೀಬ್ಯಾಡ."

"ತೆಗೆಯೋ ಅಭ್ಯಾಸ ನಮ್ ಕಡೆ ಇಲ್ಲ ಗೌಡ್ರೆ."

ಅವನು ಹೋದ ಮೇಲೆ ಕಾಗದ ತೆಗೆದೆ. ನಾನೇ ಬರೆಯುತ್ತೇನೆ ಅಂತ ಹರ್ಷ ಅಂದ, ಬೇಡ ಅಂದೆ. ಮಗ ಹುಟ್ಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ಒಂದೊಂದೂ ದುಂಡಗೆ ನಿಲ್ಲಬೇಕು, ನಿಧಾನವಾಗುತ್ತದೆ. ಆಗಲಿ. 'ಪದ ಎತ್ತಿಕೊಟ್ಟವರು: ಪುಟ್ಟಮಾದಮ್ಮ, ಚಪ್ಪರದ ಹೊರಗಿನಿಂದ. ಸೊಲ್ಲು ಹಿಡಿದವರು: ಮಲ್ಲಿಗಮ್ಮ ಮತ್ತು ಸಂಗಡಿಗರು. ನಗಾರಿ: ಮರಿಯಯ್ಯ.' ಒಳಗಿನವರು ನಿಂತುಹೋದ ಜಾಗ ಯಾವುದು, ಎಂಥ ಸ್ಪೀಕರಿನಲ್ಲಿ, ಹೇಗೆ ಇಟ್ಟು ಕೇಳಬೇಕು ಅನ್ನುವುದನ್ನೂ ಬರೆದೆ. 'ಚಪ್ಪರದ ಹೊರಗಿನಿಂದ' ಎಂಬ ಮಾತನ್ನು ಬಿಟ್ಟು ಅಚ್ಚು ಹಾಕುವುದಾದರೆ ನನ್ನ ಒಪ್ಪಿಗೆ ಇಲ್ಲ ಎಂದು ಕೆಳಗೆ ಸೇರಿಸಿ, ಅದರ ಕೆಳಗೆ ರುಜು ಹಾಕಿದೆ.

ಮಳವಳ್ಳಿ ಅಂಚೆ ಕಚೇರಿಯಲ್ಲಿ ಸಾಲಿತ್ತು. ನಿಂತೆ. ನನ್ನ ಸರದಿ ಬಂದಾಗ ಕಿಟಕಿಯಾಚೆಯವರು, "ಸಾಧಾರಣ ಅಂಚೆ ಸಾಕಾ ಅಮ್ಮ, ಇಲ್ಲ ರಿಜಿಸ್ಟರ್ ಮಾಡಿ ಸೇರಲೇಬೇಕಾದದ್ದಾ?" ಎಂದು ಕೇಳಿದರು.

"ಸೇರ್ಬೇಕಾದ್ದು" ಅಂದೆ.

ಅವರು ಲಕೋಟೆ ತೂಗಿ, ಠಸ್ಸೆ ಒತ್ತಿ, ಹಿಂದಿನ ಚೀಲಕ್ಕೆ ಹಾಕಿದರು.