ಹಣ್ಣಾಗದ ಹುಳು

"ಕಣ್ಣು ಎಲ್ಲಿಟ್ಟಿದ್ದೀಯೇ? ತಟ್ಟೆ ಅಂಚಲ್ಲೆಲ್ಲಾ ಹಣ್ಣುಹುಳ ಹಂಗೇ ಬಿಟ್ಟಿದ್ದೀಯಲ್ಲ!"

ನಲ್ಲಪ್ಪ ಹೆಂಡತಿ ಅಮ್ಮಾಜಮ್ಮನ ಮೇಲೆ ರೇಗಿದ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟರೆ ಈ ಮನುಷ್ಯನಿಗೆ ಹೆಂಡತಿ, ಊಟ ಯಾವುದೂ ನೆನಪಿರುವುದಿಲ್ಲ. ಎಲ್ಲವನ್ನೂ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುವತನಕ ಮೈಮೇಲೆ ದೇವರು ಬಂದವನಂತೆ ಆಡುತ್ತಾನೆ. ಅಮ್ಮಾಜಮ್ಮ ಪೂರ್ತಿ ಕತ್ತು ತಿರುಗಿಸಿ ಅಂಚಿನ ಹುಳುಗಳನ್ನು ಆರಿಸತೊಡಗಿದಳು. ಅವಳಿಗೆ ಎದುರಿಗಿದ್ದದ್ದಷ್ಟೇ ಕಾಣುತ್ತಿತ್ತು, ಎಡಬಲದ್ದು ಕಾಣುತ್ತಿರಲಿಲ್ಲ. ಅದನ್ನು ಗಂಡನಿಗೆ ಹೇಳಿರಲಿಲ್ಲ.

ಅಮ್ಮನ ಬೆರಳುಗಳು ದಪ್ಪಗಾಗುತ್ತಿರುವುದನ್ನು ಮೊದಲು ಗಮನಿಸಿದ್ದು ಮಗಳು ಹರಿತಾ. ಚಿಂತಾಮಣಿಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಮಂಡಿನೋವು ತೋರಿಸಿಕೊಂಡು ಬರುತ್ತೇವೆಂದು ಅಪ್ಪನಿಗೆ ಸುಳ್ಳು ಹೇಳಿ, ಬೆಂಗಳೂರಿಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದ್ದಳು. ಇವತ್ತು ರಿಪೋರ್ಟು ಹಿಡಿದು ಜಂಗಮಕೋಟೆಯ ಮನೆಗೆ ಬಂದವಳೇ ಅಮ್ಮನನ್ನು ಹುಳುಮನೆಯ ಮೂಲೆಗೆ ಎಳೆದಳು.

"ಮೆದುಳಿನ ಕೆಳಗೆ ಕಡಲೆಕಾಳಷ್ಟು ಗ್ರಂಥಿ ಇರುತ್ತಮ್ಮ. ಅದ್ರಲ್ಲಿ ಗಡ್ಡೆ ಬೆಳೆದಿದೆ. ನಿನ್ ಬೆರಳು ದಪ್ಪಗಾಗ್ತಿರೋದು ಅದ್ರಿಂದ್ಲೇ. ಕ್ಯಾನ್ಸರ್ ಅಲ್ಲ. ಜೀವಕೋಶಕ್ಕೆ 'ಬೆಳಿ' ಅಂತ ಸುದ್ದಿ ಮುಟ್ಟಿಸೋ ಪ್ರೋಟೀನ್ ಇರ್ತವೆ. ಮುಟ್ಟಿಸಿ ಸುಮ್ಮನಾಗ್ಬೇಕು. ಇಂಥ ಗಡ್ಡೇಲಿ ಎಷ್ಟೋ ಸಲ ಅವು ಸುಮ್ಮನಾಗಲ್ಲ ಅಂತಾರೆ ಡಾಕ್ಟ್ರು. ಗಡ್ಡೆ ಕಣ್ಣಿನ ನರ ಒತ್ತುತ್ತಿದೆ. ಬೇಗ ಆಪರೇಷನ್ ಆಗ್ದಿದ್ರೆ ಕಣ್ಣು ಹೋಗುತ್ತಂತೆ."

"ಎಲ್ಲಿ ಕುಯ್ತಾರೆ?"

"ಮೂಗಿನೊಳಗಿಂದ."

ಅಮ್ಮಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ನಾನ್ ಬರಲ್ಲ ಕಣೇ. ಅಲ್ಲೇ ಸತ್ತೋಗ್ತೀನಿ. ನಿಮ್ಮಪ್ಪಂಗೂ ಹೇಳ್ಬೇಡ."

ಅಷ್ಟರಲ್ಲಿ ನಲ್ಲಪ್ಪ ಹಣ್ಣಾಗದ ಹುಳುಗಳನ್ನು ಎಲೆಯ ಸಮೇತ ಬುಟ್ಟಿಗೆ ಬಾಚಿಕೊಂಡು ಬಂದ. ಪಕ್ಕದ ತೋಟದಲ್ಲಿ ಹೊಡೆದ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ಸಿಡಿದಿತ್ತೋ ಏನೋ, ಈ ಬೆಳೆಯಲ್ಲಿ ಅಂಥವು ಜಾಸ್ತಿ.

"ಇವಕ್ಕೆ ಸಾಕು ಅನ್ನಾದೇ ಗೊತ್ತಿಲ್ಲ. ತಿಂತಾವೆ, ಊದ್ತಾವೆ, ಗೂಡು ಮಾತ್ರ ಕಟ್ಟಲ್ಲ. ತಿಪ್ಪೆಗುಂಡಿಗೆ ಹಾಕ್ಬಿಟ್ಟು ಬರ್ತೀನಿ."

ಅಮ್ಮಾಜಮ್ಮ ನುಗ್ಗಿ ಅವನ ಮಣಿಕಟ್ಟು ಹಿಡಿದಳು. "ಬ್ಯಾಡ!"

"ಏನೇ ಇದು? ಯಾವಾಗ್ಲೂ ಎಸೆಯಲ್ವಾ?"

"ಹೆದ್ರಿಕೆ ಆಗ್ತೈತೆ ಕಣಯ್ಯಾ. ನನ್ ತಲೆಯೊಳಗೂ ಹಿಂಗೇ ಒಂದು ಬೆಳೀತಾ ಐತಂತೆ. ಕಣ್ಣು ಹೋಗ್ತಾ ಐತೆ. ಪಕ್ಕದಾಗೆ ನಿಂತಿರೋ ಹರಿತಾನೂ ಕಾಣ್ತಿಲ್ಲ."

ನಲ್ಲಪ್ಪ ಮಗಳ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅವನು ತನ್ನ ಮಣಿಕಟ್ಟಿನ ಮೇಲಿದ್ದ ಹೆಂಡತಿಯ ಕೈಯನ್ನು ನೋಡಿದ. ಇಷ್ಟು ದೊಡ್ಡದಾಗಿದ್ದು ಯಾವಾಗ? ಒಂದೇ ಮನೆಯಲ್ಲಿದ್ದು ತಾನು ನೋಡಿಯೇ ಇರಲಿಲ್ಲ. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ. ಅವಳೂ ಕೂತಳು.

"ಬೆಂಗ್ಳೂರಿಗೆ ಬೆಳಗ್ಗೆ ಫಸ್ಟ್ ಬಸ್ಸು ಎಷ್ಟೊತ್ತಿಗೆ, ಹರಿತಮ್ಮಾ?"

"ಹುಳ ಇನ್ನೂ ಅರ್ಧ ಆರ್ಸಿಲ್ಲ..." ಎಂದಳು ಅಮ್ಮಾಜಮ್ಮ.

"ಹಾಳಾಗೋಗ್ಲಿ ಹುಳ."

ಅವಳು ಹಿಡಿದ ಕೈ ಬಿಟ್ಟಿರಲಿಲ್ಲ. ಬುಟ್ಟಿಯಲ್ಲಿ ಹುಳುಗಳು ಸರಸರ ಎಲೆ ತಿನ್ನುತ್ತಲೇ ಇದ್ದವು.